ದೀಪಸ್ತಂಭದ ಕಾವಲುಗಾರನ ವಿರುದ್ಧ

ಯಲಹಂಕದ ಹಳೇ ಊರಿನಲ್ಲಿ, ಹಿಟ್ಟಿನ ಗಿರಣಿಯ ಮೇಲಿನ ಕೋಣೆಯೊಂದರಲ್ಲಿ ನಾನು ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ಎಂಬತ್ತರ ದಶಕದ ಮೊದಲ ವರ್ಷಗಳು. ನನಗೆ ಇಪ್ಪತ್ಮೂರು. ಎಂ.ಎ. ಮುಗಿದಿತ್ತು, ಕೆಲಸ ಸಿಕ್ಕಿರಲಿಲ್ಲ. ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳು ಕಿಟಕಿಯಲ್ಲಿ ಸಾಲಾಗಿ ನಿಂತು ಹಿಟ್ಟಿನ ಧೂಳು ಹೊದ್ದಿದ್ದವು. ಪರವೋ ವಿರೋಧವೋ ಎಂದು ಚೀಟಿ ಎತ್ತಿ ನಿರ್ಧರಿಸುವ ಸ್ಪರ್ಧೆಗಳವು. ಒಮ್ಮೆ ವರದಕ್ಷಿಣೆಯ ಪರವಾಗಿ ಮಾತಾಡಿಯೂ ಗೆದ್ದಿದ್ದೆ. ಅದನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದೆ.

ಬಸ್ ಸ್ಟ್ಯಾಂಡಿನ ಆಚೆ ಇನ್ನೊಬ್ಬ ಮೇಷ್ಟ್ರಿದ್ದರು. ಕಾಲೇಜಿನಲ್ಲಿ ಲೆಕ್ಚರರು, ಬೆಳಗ್ಗೆ ಮನೆಯಲ್ಲಿ ಟ್ಯೂಷನ್. ಅವರದು ಸೈಕ್ಲೋಸ್ಟೈಲ್ ಯಂತ್ರದಲ್ಲಿ ನಕಲು ತೆಗೆದ ಹಾಳೆಗಳ ಪಾಠ: ಹತ್ತು ಪ್ರಶ್ನೆ, ಹತ್ತು ಉತ್ತರ. ಹುಡುಗರು ಅಂಗಳದಲ್ಲಿ ಓಡಾಡುತ್ತಾ ಕಾಮಾ ಸಮೇತ ಉರುಹೊಡೆಯುತ್ತಿದ್ದರು. ‘ಸಾರ್, ನಿಮ್ಮ ಮನೆ ಮುಂದೆ ಹಾದುಹೋದ್ರೆ ಸಂಧ್ಯಾವಂದನೆ ಕೇಳಿದ ಹಾಗಾಗುತ್ತೆ’ ಎಂದು ನಾನು ಎದುರಿಗೇ ಗೇಲಿ ಮಾಡಿದ್ದೆ. ಅವರು ನಕ್ಕು, ‘ಪುಣ್ಯ ಬರುತ್ತೆ ಬಿಡಪ್ಪ, ದಿನಾ ಹಾದುಹೋಗು’ ಎಂದಿದ್ದರು.

ಆ ವರ್ಷ ರಾಜಾನುಕುಂಟೆಯಿಂದ ಒಬ್ಬ ಹುಡುಗಿ ಬರತೊಡಗಿದಳು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ಪಿಯುಸಿಯಲ್ಲಿ ಬೇರೆಲ್ಲ ಪಾಸು, ಇಂಗ್ಲಿಷ್ ಒಂದೇ ಫೇಲು. ಅವಳ ಅಪ್ಪ ಕಾರ್ಖಾನೆಯೊಂದರ ಶೆಡ್ಡಿನಲ್ಲಿ ಸತ್ತಿದ್ದರು. ಮುಂದಿನ ಪಾಳಿಯವನು ಬಾರದೆ ಎರಡನೆಯ ಪಾಳಿಗೂ ಅವರೇ ನಿಂತಿದ್ದ ದಿನ, ಕ್ರೇನಿನ ಸರಪಳಿ ಹರಿದು ಮೈಮೇಲೆ ಬಿದ್ದಿತ್ತು. ಮನೆಯ ಒಬ್ಬರಿಗೆ ಕೆಲಸ ಕೊಡುವುದಾಗಿ ಕಾರ್ಖಾನೆ ಪತ್ರ ಕೊಟ್ಟಿತ್ತು. ಜುಲೈ ಮುಗಿಯುವುದರೊಳಗೆ ಪಿಯುಸಿ ಅಂಕಪಟ್ಟಿ ತಂದರೆ ಮಗಳಿಗೆ ಗುಮಾಸ್ತೆಯ ಕೆಲಸ. ಇಲ್ಲವಾದರೆ ಓದು ಬೇಡದ ಕೆಲಸ, ತಾಯಿಗೆ. ಅವಳಿಗೆ ಬೇಕಾಗಿದ್ದದ್ದು ಮೂವತ್ತೈದು ಅಂಕ.

ಪಠ್ಯದಲ್ಲಿ ದೀಪಸ್ತಂಭದ ಕಾವಲುಗಾರನೊಬ್ಬನ ಪದ್ಯವಿತ್ತು. ಮನೆಯಲ್ಲಿ ಮಗು ಸಾಯುತ್ತಿದ್ದರೂ ಅವನು ದೀಪ ಬಿಟ್ಟು ಕದಲುವುದಿಲ್ಲ. ಹಡಗುಗಳು ಉಳಿಯುತ್ತವೆ, ಮಗು ಉಳಿಯುವುದಿಲ್ಲ. ಪಾಠ ಮುಗಿಸಿ, ಏನನ್ನಿಸಿತು ಎಂದು ಕೇಳಿದೆ. ಎಲ್ಲರೂ ಗೈಡಿನಲ್ಲಿದ್ದದ್ದನ್ನೇ ಒಪ್ಪಿಸಿದರು: ಕರ್ತವ್ಯನಿಷ್ಠೆ, ತ್ಯಾಗ. ಸಮುದ್ರವನ್ನೇ ನೋಡಿರದ ಆ ಹುಡುಗಿ ಮಾತ್ರ ಕೇಳಿದಳು:

‘ಸಾರ್, ಅವನಿಗೆ ಬದಲಿ ಆಳು ಯಾಕಿರಲಿಲ್ಲ?’

‘ಅಂದ್ರೆ?’

‘ಇನ್ನೊಬ್ಬನ್ನ ಇಟ್ಟಿದ್ರೆ ಅವನು ಮನೆಗೆ ಹೋಗ್ತಿದ್ದ. ಇಡಬೇಕಾದವ್ರು ಇಡಲಿಲ್ಲ. ಅದನ್ನ ಯಾರೂ ಕೇಳಬಾರ್ದು ಅಂತ ಇವನನ್ನ ಹೊಗಳ್ತಾವ್ರೆ.’

ನಾನು ಸೀಮೆಸುಣ್ಣ ಕೆಳಗಿಟ್ಟೆ. ಎಷ್ಟೋ ವೇದಿಕೆ ಹತ್ತಿದ್ದರೂ ನನಗೆ ಹೊಳೆಯದ ವಾದವದು. ಅಂದಿನಿಂದ ಅವಳನ್ನು ತಿದ್ದುವುದೇ ನನ್ನ ಕೆಲಸವಾಯಿತು. ಮೊದಲು ಎದುರು ಪಕ್ಷ ಏನು ಹೇಳುತ್ತದೆ ಎಂದು ಬರೆ, ಆಮೇಲೆ ಅದನ್ನು ಮುರಿ. ಅವಳ ಇಂಗ್ಲಿಷ್ ಕುಂಟುತ್ತಿತ್ತು, ಆದರೆ ವಾದ ನೆಟ್ಟಗೆ ನಡೆಯುತ್ತಿತ್ತು. ಪರೀಕ್ಷೆಯಲ್ಲಿ ಹೀಗೇ ಬರೆಯಬೇಕೆಂದು ನಾನೇ ಹೇಳಿದೆ. ಪೇಪರು ತಿದ್ದುವವರೆಂದರೆ ಚರ್ಚಾಸ್ಪರ್ಧೆಯ ತೀರ್ಪುಗಾರರಂತೆ ಎಂದುಕೊಂಡಿದ್ದೆ. ಅವರು ಬೇಸತ್ತು ಕೂತಿರುತ್ತಾರೆ, ಹೊಸ ಮಾತು ಕೇಳಿದೊಡನೆ ನೆಟ್ಟಗೆ ಕೂರುತ್ತಾರೆ.

ಪರೀಕ್ಷೆಗೆ ಹದಿನೈದು ದಿನವಿದೆ ಎನ್ನುವಾಗ ಅವಳ ತಾಯಿ ಬಂದರು. ಬಾಗಿಲಲ್ಲೇ ನಿಂತರು, ಒಳಗೆ ಕೂರಲಿಲ್ಲ.

‘ಸಾ, ಆ ಮೇಷ್ಟ್ರು ಉತ್ರ ಬರ್ದಿರೋ ಆಳೆ ಕೊಡ್ತಾರಂತಲ್ಲ, ಅದನ್ನ ತಂದ್ಕೊಟ್ರೆ ಓದ್ಕತಾಳೆ. ಪಾಸಾದ್ರೆ ಸಾಕು.’

‘ಅಮ್ಮ, ಹೋದ ಸಲ ಗೈಡ್ ಬಾಯಿಪಾಠ ಮಾಡಿ ತಾನೇ ಫೇಲಾಗಿದ್ದು?’

‘ಊಂ ಸಾ.’

‘ಪರೀಕ್ಷೆಯಲ್ಲಿ ಒಂದು ಸಾಲು ಮರೆತರೆ ಮುಂದಿನದೆಲ್ಲ ಹೋಯ್ತು. ಸ್ವಂತ ಬುದ್ಧಿಯಿಂದ ಬರೆದದ್ದು ಮರೆಯುತ್ತಾ?’

‘ಇಲ್ಲ ಸಾ.’

‘ಮತ್ತೆ?’

ಅವರು ಸೆರಗಿನ ತುದಿ ತಿರುವಿದರು. ‘ನಿಮ್ಮಂಗೆ ಮಾತಾಡಕ್ಕೆ ನಂಗೆ ಬರಕಿಲ್ಲ ಸಾ. ಭಯ ಆಯ್ತದೆ, ಅಷ್ಟೇಯ.’

ಭಯ ವಾದವಲ್ಲ ಎಂದೆ. ಆ ಮಾತನ್ನು ಹಾಗೇ ಹೇಳಿದೆ, ಅದೇ ಪದಗಳಲ್ಲಿ. ಅವರು ತಲೆಯಾಡಿಸಿ ಇಳಿದುಹೋದರು. ಗೆದ್ದೆನೆಂದು ನನಗೆ ಖುಷಿಯಾಗಿತ್ತು.

ಪ್ರಶ್ನೆಪತ್ರಿಕೆಯಲ್ಲಿ ಕಾವಲುಗಾರನೇ ಬಂದ. ಅವನ ಹಿರಿಮೆಯನ್ನು ವಿವರಿಸಿ, ಹತ್ತು ಅಂಕ. ಪ್ರಬಂಧದ ವಿಷಯವೂ ಕರ್ತವ್ಯವೇ, ಇನ್ನೂ ಹತ್ತು. ಹುಡುಗಿ ಪರೀಕ್ಷೆ ಮುಗಿಸಿ ನೇರ ನನ್ನ ಕೋಣೆಗೆ ಬಂದಳು. ‘ಎರಡರಲ್ಲೂ ಅದನ್ನೇ ಬರೆದೆ ಸಾರ್. ಬದಲಿ ಆಳಿನ ವಿಷ್ಯ’ ಎಂದಳು. ಅವಳು ಅಷ್ಟು ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಇಪ್ಪತ್ತೊಂಬತ್ತು ಅಂಕ ಬಂತು.

ನಾನು ಮೇಷ್ಟ್ರ ಮನೆಗೆ ಜಗಳಕ್ಕೆ ಹೋದೆ. ಪ್ರತಿ ವರ್ಷ ಪೇಪರು ತಿದ್ದಲು ಹೋಗುವವರು ಅವರು. ಅವಳ ಪೇಪರು ಅವರ ಕೈಗೆ ಬಂದಿರಲಾರದು, ಆದರೆ ಜಗಳವಾಡಲು ನನಗೆ ಬೇರೆ ಯಾರೂ ಇರಲಿಲ್ಲ. ಅವಳು ಬರೆದದ್ದನ್ನು ಹೇಳಿದೆ. ಅವರು ಕನ್ನಡಕ ತೆಗೆದರು.

‘ನೀನೇ ಹೇಳಿಕೊಟ್ಟೆಯಾ?’

‘ವಾದ ಅವಳದೇ. ತಪ್ಪೇನಿದೆ ಅದರಲ್ಲಿ?’

‘ಒಂದೂ ಇಲ್ಲ. ಬಹಳ ಚೆನ್ನಾಗಿದೆ. ಅದನ್ನ ಯಾರಾದ್ರೂ ಓದ್ಬೇಕಲ್ಲಪ್ಪ? ನಾವು ಓದಲ್ಲ, ಹುಡುಕ್ತೀವಿ. ಪಕ್ಕದಲ್ಲಿ ಕೀ ಆನ್ಸರ್ ಇರುತ್ತೆ. ಡ್ಯೂಟಿ ಸಿಕ್ತಾ, ಟಿಕ್. ಸ್ಯಾಕ್ರಿಫೈಸ್ ಸಿಕ್ತಾ, ಟಿಕ್. ಸಿಗಲಿಲ್ಲ ಅಂದ್ರೆ ಹಾಳೆ ತಿರುಗಿಸ್ತೀವಿ. ನಮ್ಮ ಮುಂದೆ ಇರೋ ಪೇಪರಿನ ಕಟ್ಟು ನೋಡಿದ್ದೀಯಾ ನೀನು?’

‘ಇದು ಅನ್ಯಾಯ ಸಾರ್.’

‘ಹೌದು. ಅದು ಗೊತ್ತಿದ್ದೇ ಕಣಯ್ಯ ನಾನು ಹಾಳೆ ಹಂಚೋದು.’

ಎದ್ದುಬಂದೆ. ಕಾರ್ಖಾನೆಗೆ ಎರಡು ಪುಟದ ಅರ್ಜಿ ಬರೆದೆ: ಅಕ್ಟೋಬರಿನಲ್ಲಿ ಮತ್ತೆ ಪರೀಕ್ಷೆಯಿದೆ, ಅಲ್ಲಿಯವರೆಗೆ ಕಾಯಬೇಕು ಎಂದು. ನಾನು ಬರೆದ ಅತ್ಯುತ್ತಮ ಇಂಗ್ಲಿಷ್ ಬಹುಶಃ ಅದೇ. ಒಂದು ಸಾಲಿನ ಉತ್ತರ ಬಂತು: ನಿಯಮದಲ್ಲಿ ಅವಕಾಶವಿಲ್ಲ. ಹುಡುಗಿ ಮತ್ತೆ ನನ್ನ ಕೋಣೆಗೆ ಬರಲಿಲ್ಲ. ಆಗಸ್ಟಿನಲ್ಲಿ ಅವಳ ತಾಯಿ ಕೆಲಸಕ್ಕೆ ಸೇರಿದರೆಂದು ಬೇರೆ ಹುಡುಗರು ಹೇಳಿದರು.

ಡಿಸೆಂಬರಿನ ಒಂದು ಬೆಳಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಆ ತಾಯಿಯೇ ನನ್ನನ್ನು ಗುರುತು ಹಿಡಿದರು. ಕಾರ್ಖಾನೆಯ ನೀಲಿ ಸೀರೆ ಉಟ್ಟಿದ್ದರು, ಕೈಯಲ್ಲಿ ಊಟದ ಡಬ್ಬಿ.

‘ಮಗು ಪಾಸಾದ್ಲು ಸಾ. ಆ ಮೇಷ್ಟ್ರತ್ರ ಓಗಿದ್ಲು. ಐವತ್ತೆಂಟು.’

‘ಒಳ್ಳೆಯದಾಯಿತು. ಕಾರ್ಖಾನೆಯಲ್ಲಿ ಕೇಳಿದ್ರಾ?’

‘ಕೇಳ್ದೆ. ಒಂದು ಮನೆಗೆ ಒಂದೇ ಅಂದ್ರು. ನಾನು ಬುಟ್ರೂ ಅವಳಿಗೆ ಕೊಡಕಿಲ್ವಂತೆ. ಗಾರ್ಮೆಂಟ್ಸ್‌ಗೆ ಓಗ್ತಾವ್ಳೆ ಈಗ, ಯಶವಂತಪುರಕ್ಕೆ.’

‘ನಿಮಗೆ ಏನು ಕೆಲಸ?’

‘ಗುಡಿಸೋದು ಸಾ. ನಮ್ಮ ಯಜಮಾನ್ರು ಬಿದ್ರಲ್ಲ, ಆ ಶೆಡ್ಡೇ ಕೊಟ್ಟವ್ರೆ. ಮೊದ್ಲು ಮೊದ್ಲು ಆ ಜಾಗ ಬಂದಾಗ ಕೈ ಓಡ್ತಿರಲಿಲ್ಲ. ಈಗ ಅಭ್ಯಾಸ ಆಗದೆ.’

ಕಾರ್ಖಾನೆಯ ಬಸ್ಸು ತಿರುವಿನಲ್ಲಿ ಕಾಣಿಸಿತು. ಅವರು ಡಬ್ಬಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡರು.

‘ಈಗ್ಲೂ ಪಾಠ ಏಳ್ತೀರಾ ಸಾ?’

‘ಹೇಳ್ತೀನಿ.’

‘ಆ ಮೇಷ್ಟ್ರಂಗೆ ಆಳೆ ಕೊಡ್ತೀರಾ?’

‘ಕೊಡ್ತೀನಿ ಅಮ್ಮ.’

‘ಒಳ್ಳೇದು ಮಾಡುದ್ರಿ ಬುಡಿ’ ಎಂದು ಅವರು ಬಸ್ಸು ಹತ್ತಿದರು. ಆ ಮಾತಿನಲ್ಲಿ ಕೊಂಕಿತ್ತೇ ಎಂದು ನಾನು ಆಮೇಲೆ ಎಷ್ಟೋ ಸಲ ಹುಡುಕಿದ್ದೇನೆ. ಇರಲಿಲ್ಲ.