ತೆಗೆಯಬಾರದಿದ್ದ ಗೇಟು

ಅತ್ತೆಯ ಬಲಗಣ್ಣಿನ ಪೊರೆ ತೆಗೆಸಬೇಕೆಂದು ಗೊತ್ತಾದಾಗ ಕೊಯಮತ್ತೂರಿನ ನಮ್ಮ ಮನೆಯಲ್ಲಿ ಕೈ ಖಾಲಿ ಇದ್ದವನು ನಾನೊಬ್ಬನೇ. ಎಂಬತ್ತರ ದಶಕದ ಮಧ್ಯದ ಮಾತು. ತತ್ವಶಾಸ್ತ್ರದಲ್ಲಿ ಎಂ.ಎ. ಮುಗಿಸಿ, ಸಂಶೋಧನೆಗೆ ಹೆಸರು ಕೊಟ್ಟು, ಎರಡು ವರ್ಷದಿಂದ ಪ್ರಬಂಧ ಬರೆಯುತ್ತಿದ್ದೆ. ಬರೆಯುತ್ತಿದ್ದೇನೆ ಎಂದು ಹೇಳಿಕೊಳ್ಳುತ್ತಿದ್ದೆ ಅನ್ನುವುದು ಹೆಚ್ಚು ಸರಿ. ಅತ್ತೆ ಅಪ್ಪನ ಅಕ್ಕ. ಮಾವ ತೀರಿಕೊಂಡ ಮೇಲೆ ಕಾಂಗೇಯದ ಹತ್ತಿರದ ಹಳ್ಳಿಯಲ್ಲಿ ನಾಲ್ಕು ಹಸು ಸಾಕಿಕೊಂಡು, ವರ್ಷಕ್ಕೆ ಒಂದೆರಡು ಕರು ಮಾರಿ ಬದುಕುತ್ತಿದ್ದರು. ಆಪರೇಶನ್ ಆದ ಮೇಲೆ ಒಂದು ತಿಂಗಳು ಬಗ್ಗಬಾರದು, ಭಾರ ಎತ್ತಬಾರದು, ಧೂಳಿಗೆ ಹೋಗಬಾರದು ಎಂದು ಡಾಕ್ಟರು ಹೇಳಿದ್ದರು. ಅಷ್ಟು ದಿನ ಅತ್ತೆ ನಮ್ಮ ಮನೆಯಲ್ಲಿ ಇರಬಹುದು. ಹಸುಗಳ ಹತ್ತಿರ ಯಾರು?

“ಇವನು ಹೋಗ್ಲಿ,” ಎಂದರು ಅಪ್ಪ. “ಬರಿಯೋ ವೇಲೆ ತಾನೆ. ಎಲ್ಲಿ ಕುಂತ್ರೂ ಆಗ್ತದೆ.” ತಮಿಳು ಬೆರೆತ ನಮ್ಮ ಮನೆಯ ಕನ್ನಡದಲ್ಲಿ ವೇಲೆ ಎಂದರೆ ಕೆಲಸ.

ನನ್ನ ಪ್ರಬಂಧ ಚೀನಾದ ಹಳೆಯ ತಾವೋ ಚಿಂತಕರ ಬಗ್ಗೆ. ಸರಳವಾಗಿ ಬದುಕುವುದು, ತನ್ನನ್ನು ತಾನು ಹಿಡಿತದಲ್ಲಿಟ್ಟುಕೊಳ್ಳುವುದು, ಎಲ್ಲಕ್ಕಿಂತ ಹೆಚ್ಚಾಗಿ, ಲೋಕದ ಕೆಲಸದಲ್ಲಿ ಸುಮ್ಮನೆ ಕೈ ಹಾಕದೆ ಇರುವುದು. ನನಗೆ ಆ ವಿಚಾರಗಳಲ್ಲಿ ಪೂರ್ತಿ ನಂಬಿಕೆ ಇರಲಿಲ್ಲ. ಆದರೆ ಒಂದೂರಿನಲ್ಲಿ ಎರಡು ತಿಂಗಳು ನಿಲ್ಲಲಾರದ, ಒಂದು ಪುಸ್ತಕ ಮುಗಿಯುವ ಮುಂಚೆ ಇನ್ನೊಂದು ತೆರೆಯುವ ನನಗೆ ಅವರ ಮೇಲೆ ಒಂದು ಬಗೆಯ ಹೊಟ್ಟೆಕಿಚ್ಚು ಇತ್ತು.

ನಾನು ಹೋದ ದಿನ ಅತ್ತೆ ಕೊರಂಗಾಡುಗಳನ್ನು ತೋರಿಸಿದರು. ಆ ಕಡೆ ಹುಲ್ಲುಗಾವಲಿಗೆ ಹಾಗೆನ್ನುತ್ತಾರೆ. ಸುತ್ತಲೂ ಕಿಳುವೆ ಗಿಡದ ಹಸಿ ಬೇಲಿ, ಒಳಗೆ ಅಲ್ಲೊಂದು ಇಲ್ಲೊಂದು ಬಿಳಿಜಾಲಿ ಮರ, ಕೆಳಗೆ ತಾನಾಗಿ ಬೆಳೆದ ಹುಲ್ಲು. ಹಸು ಒಳಗೆ ಬಿಟ್ಟು ಗೇಟು ಹಾಕಿದರೆ ಸಂಜೆಯವರೆಗೆ ಕಾಯುವವರು ಬೇಡ. ಅತ್ತೆಗೆ ಅಂಥವು ನಾಲ್ಕಿದ್ದವು. ಮೂರರಲ್ಲಿ ಸರದಿಯ ಮೇಲೆ ಮೇವು. ನಾಲ್ಕನೆಯದರಲ್ಲಿ ಐಪ್ಪಸಿ ತಿಂಗಳ ಹಿಂಗಾರು ಮಳೆಗೆ ಎದ್ದ ಹುಲ್ಲು ಮೊಣಕಾಲುದ್ದ ನಿಂತು ತೆನೆ ಬಿಟ್ಟಿತ್ತು. ಅದರ ಗೇಟಿಗೆ ಸರಪಳಿ ಹಾಕಿತ್ತು.

“ಬೀಜ ಒಣಗಿ ತಾನಾ ಉದುರೋವರ್ಗೂ ಇದನ್ನ ತೆಗೀಬ್ಯಾಡ ಕಣ್ಣು,” ಎಂದರು ಅತ್ತೆ; ಮುದ್ದಿಗೆ ನನ್ನನ್ನು ಕಣ್ಣು ಎಂದೇ ಕರೆಯುತ್ತಿದ್ದರು. “ಈಗ ಮೇಯ್ಸಿದ್ರೆ ಬರೋ ವರ್ಷ ಇಲ್ಲಿ ಏನೂ ಇರಲ್ಲ. ಬೇಸಿಗೆಗೆ ನಂಗೆ ಇದೊಂದೇ ಗತಿ.”

“ಮತ್ತೆ ನಾನೇನು ಮಾಡ್ಬೇಕು ಅತ್ತೆ?”

“ಒಂದೂ ಮಾಡ್ಬ್ಯಾಡ. ಹಾಲು ಕರಿಯೋಕೆ ಪಕ್ಕದ್ಮನೆಯವಳು ಬತ್ತಾಳೆ. ನೀ ಬೆಳಿಗ್ಗೆ ಬಿಡು, ಸಾಯಂಕಾಲ ಕರ್ಕೊಂಡು ಬಾ. ಅಷ್ಟೇ.” ಆಮೇಲೆ ನನ್ನ ಚೀಲದ ಕಡೆ ನೋಡಿ, “ಏನದು ಅಷ್ಟೊಂದು ಕಾಗಿತ? ಏನ್ ಬರಿತೀಯ?” ಎಂದರು.

“ಒಂದೂ ಮಾಡ್ದೆ ಇರೋದ್ರ ಬಗ್ಗೆ ಅತ್ತೆ.”

“ಅದಕ್ಕೆ ಎಷ್ಟು ಪುಟ ಬೇಕು?”

“ಇನ್ನೂರು.”

ಅತ್ತೆ ನಕ್ಕರು. ಪೊರೆಗಣ್ಣಿನಲ್ಲಿ ನೀರು ಬರುವಷ್ಟು ನಕ್ಕರು ಎಂದು ನನ್ನ ನೆನಪು. ಈ ನೆನಪು ಮಾತ್ರ ಎಷ್ಟು ಸಲ ತಿರುಗಿಸಿ ನೋಡಿದರೂ ಬದಲಾಗಿಲ್ಲ.

ಮೊದಲ ಹತ್ತು ದಿನ ಚೆನ್ನಾಗಿಯೇ ಕಳೆದವು. ಬೆಳಿಗ್ಗೆ ಹಸು ಬಿಟ್ಟು ಬಂದು ಮನೆಮುಂದಿನ ತಿಣ್ಣೆಯ ಮೇಲೆ ಕೂತು ಬರೆಯುತ್ತಿದ್ದೆ. ತೊಂದರೆ ಶುರುವಾದದ್ದು ಸಂಜೆಯ ದಾರಿಯಲ್ಲಿ. ಮನೆಗೆ ಬರುವಾಗ ನಾಲ್ಕನೇ ಗೇಟು ದಾಟಿಯೇ ಬರಬೇಕು. ನಾಲ್ಕೂ ಹಸು ಅಲ್ಲಿ ನಿಲ್ಲುತ್ತಿದ್ದವು. ಗೇಟಿನ ಮೇಲೆ ಗದ್ದ ಇಟ್ಟು ಒಳಗೆ ನೋಡುವುದು, ಆಮೇಲೆ ನನ್ನನ್ನು ನೋಡುವುದು. ಅವುಗಳಲ್ಲಿ ಹಿರಿಯದು, ಬೂದು ಬಣ್ಣದ ಅಗಲ ಕೊಂಬಿನದು, ಉದ್ದಕ್ಕೆ ಅಂಬಾ ಅನ್ನುತ್ತಿತ್ತು. ಹೊಡೆದರೂ ಕದಲುತ್ತಿರಲಿಲ್ಲ.

ಹಾಲು ಕರೆಯುವ ಹೆಂಗಸು ಒಂದು ದಿನ ಅದನ್ನು ನೋಡಿದಳು. ನಮ್ಮ ಹಾಗೇ ಮನೆಯಲ್ಲಿ ಕನ್ನಡ ಆಡುವ ಜನ, ಬಾಯಿ ಜೋರು.

“ಏನ್ ತಂಬಿ, ಒಳಗೆ ಇಷ್ಟುದ್ದ ಹುಲ್ಲು ಇಟ್ಕೊಂಡು ಬಾಯಿಲ್ಲದ ಜೀವಾನ ಆಚೆ ನಿಲ್ಸಿದ್ದೀರ? ಪಾವಂ.”

“ಅತ್ತೆ ತೆಗೀಬ್ಯಾಡ ಅಂದವ್ರೆ.”

“ಅತ್ತೆ ಅಂದ್ರು, ಸರಿ. ನಿಮ್ಗೇನು ತೋಚುತ್ತೆ? ಇಷ್ಟು ಓದಿ ಅದೊಂದು ಬರಲ್ವ?”

ಹಸುಗಳು ಹಸಿದಿರಲಿಲ್ಲ. ಇದನ್ನು ಖಚಿತವಾಗಿ ಹೇಳಬಲ್ಲೆ, ಯಾಕೆಂದರೆ ಹಾಲು ಒಂದು ಲೋಟವೂ ಕಡಿಮೆಯಾಗಿರಲಿಲ್ಲ. ಅವುಗಳಿಗೆ ಬೇಕಾಗಿದ್ದದ್ದು ಇನ್ನೂ ಒಳ್ಳೆಯ ಹುಲ್ಲು, ಅಷ್ಟೇ. ನನಗೆ ಆಗದಿದ್ದದ್ದು ಆ ನೋಟದ ಮುಂದೆ ಸುಮ್ಮನೆ ನಿಲ್ಲುವುದು.

ಆ ರಾತ್ರಿಯೋ ಮರುದಿನವೋ ನಾನೊಂದು ತರ್ಕ ಹೂಡಿದೆ. ಪ್ರತಿಯೊಂದೂ ತನ್ನ ಸ್ವಭಾವದಂತೆ ನಡೆಯಲು ಬಿಡಬೇಕು ಎನ್ನುತ್ತಾರೆ ನನ್ನ ಚೀನೀಯರು. ಹಸುವಿನ ಸ್ವಭಾವ ಮೇಯುವುದು, ಹುಲ್ಲಿನ ಸ್ವಭಾವ ಮತ್ತೆ ಚಿಗುರುವುದು. ನಡುವೆ ನಿಂತಿರುವುದು ಮನುಷ್ಯ ಇಟ್ಟ ಗೇಟು. ಹಾಗಾದರೆ ಗೇಟು ಮುಚ್ಚಿರುವುದೇ ಕೈ ಹಾಕುವುದು, ತೆಗೆಯುವುದೆಂದರೆ ಹಾಕಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವುದು. ಈಗ ಬರೆಯುವಾಗ ಇದು ನಗೆಪಾಟಲು. ಆಗ ಒಳ್ಳೆಯ ತರ್ಕವೆನಿಸಿತ್ತು; ಪ್ರಬಂಧದಲ್ಲಿ ಒಂದು ಅಡಿಟಿಪ್ಪಣಿಗೆ ಆಗುವಷ್ಟು ಒಳ್ಳೆಯದು.

ಇಲ್ಲಿಂದ ಮುಂದೆ ನನ್ನಲ್ಲಿ ಎರಡು ನೆನಪುಗಳಿವೆ. ಒಂದರಲ್ಲಿ ನಾನು ಸರಪಳಿ ಬಿಚ್ಚಿ ಗೇಟನ್ನು ನೆಲಕ್ಕೆ ತರಚುತ್ತ ಎಳೆಯುತ್ತೇನೆ, ಹಸುಗಳು ಒಂದರ ಹಿಂದೊಂದು ಒಳಗೆ ಹೋಗುತ್ತವೆ. ಇನ್ನೊಂದರಲ್ಲಿ ಆ ಹಿರಿಯ ಹಸು ಕೊಂಬಿನಿಂದ ಸರಪಳಿ ಎತ್ತಿ ನೂಕುತ್ತದೆ, ನಾನು ದೂರದಿಂದ ಕೂಗುತ್ತ ಓಡಿ ಬರುತ್ತೇನೆ. ಎರಡೂ ಒಂದೇ ಬಿಸಿಲಿನಲ್ಲಿ ಕಾಣುತ್ತವೆ. ಎಷ್ಟು ದಿನ ಹಾಗೆ ಮೇಯಿಸಿದೆ ಎಂಬುದೂ ಸ್ಪಷ್ಟವಿಲ್ಲ. ಒಂದೇ ದಿನ ಎನ್ನಲು ಮನಸ್ಸು ಆತುರಪಡುತ್ತದೆ. ಆ ಆತುರ ನೋಡಿದರೆ ಮೂರು ನಾಲ್ಕು ದಿನವಾದರೂ ಇರಬೇಕು. ಆಗಿನ ನನ್ನ ಹಾಳೆಗಳು ಈಗಲೂ ನನ್ನ ಬಳಿ ಇವೆ, ಹುಡುಕಿದ್ದೇನೆ. ಗೇಟಿನ ಬಗ್ಗೆ ಒಂದು ಅಕ್ಷರವಿಲ್ಲ. ಕೈಬರಹ ಮಾತ್ರ ಬಹಳ ಸಮಾಧಾನದ್ದು.

ತಿಂಗಳು ಕಳೆದು ಅತ್ತೆ ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು ಬಂದರು. ಬಸ್ಸಿಳಿದು ಮನೆಗೂ ಹೋಗದೆ ನೇರ ಕೊರಂಗಾಡಿಗೆ ನಡೆದರು. ನಾಲ್ಕನೇ ಗೇಟು ತೆಗೆದು ಒಳಗೆ ಹೋಗಿ, ಬಗ್ಗಿ, ಹುಲ್ಲಿನ ಮೇಲೆ ಅಂಗೈ ಆಡಿಸಿದರು. ತೆನೆ ಇರಬೇಕಾದಲ್ಲಿ ಮೊಂಡು ಕಡ್ಡಿ. ಎದ್ದು ನಿಂತು ಬೇಲಿಯುದ್ದಕ್ಕೂ ಒಂದು ಸುತ್ತು ಹಾಕಿ ಬಂದರು.

“ಊಟ ಮಾಡಿದ್ಯಾ ಕಣ್ಣು?” ಎಂದರು. ಅಷ್ಟೇ.

ಮರುವರ್ಷ ಮಳೆ ಬಂದಾಗ ಮೂರು ಕೊರಂಗಾಡು ಹಸಿರಾದವು. ನಾಲ್ಕನೆಯದರಲ್ಲಿ ಅಲ್ಲಲ್ಲಿ ಹುಲ್ಲು, ಉಳಿದ ಕಡೆಯೆಲ್ಲ ಹಸು ಮೂಸಿಯೂ ನೋಡದ ಕೊಳಿಂಜಿ ಗಿಡ. ಒಂದು ವರ್ಷದ ಬೀಜ ಹೋದರೆ ಇಷ್ಟಾಗುವುದಿಲ್ಲ, ಮಳೆಯೂ ಕಡಿಮೆ ಇದ್ದಿರಬೇಕು ಎಂದು ಕೃಷಿ ಓದಿದ ಗೆಳೆಯನೊಬ್ಬ ಎಷ್ಟೋ ವರ್ಷದ ನಂತರ ಹೇಳಿದ. ಇರಬಹುದು. ಆದರೆ ಅದೇ ಮಳೆ ಪಕ್ಕದ ಮೂರಕ್ಕೂ ಬಿದ್ದಿತ್ತು.

ವಿಷಯ ತಿಳಿದು ನಾನು ಅಲ್ಲಿಗೆ ಹೋದೆ. ಒಂದು ಯೋಜನೆಯನ್ನೂ ಕಟ್ಟಿಕೊಂಡು ಹೋಗಿದ್ದೆ. ಕೊಳಿಂಜಿ ಕೀಳಿಸುವುದು, ಟ್ರ್ಯಾಕ್ಟರಿನಲ್ಲಿ ಉಳುವುದು, ಬೇರೆ ಕಡೆಯಿಂದ ಹುಲ್ಲಿನ ಬೀಜ ತಂದು ಬಿತ್ತುವುದು, ಬಾವಿಯಿಂದ ಪೈಪು ಹಾಕುವುದು. ಅತ್ತೆ ಎಲ್ಲ ಕೇಳಿಸಿಕೊಂಡರು.

“ನೀ ಮತ್ತೆ ಏನಾದ್ರೂ ಮಾಡೋಕೆ ಬಂದ್ಯಾ?”

“ಸುಮ್ನೆ ಬಿಟ್ರೆ ಹೆಂಗೆ ಅತ್ತೆ?”

“ಹೆಂಗೇನು? ಗೇಟು ಹಾಕಿರ್ತೀನಿ. ಅಲ್ಲಲ್ಲಿ ಇರೋದು ಬೀಜ ಬಿಡ್ತದೆ. ಎರಡು ವರ್ಷವೋ ಮೂರು ವರ್ಷವೋ, ಅದು ಬರೋವಾಗ ಬತ್ತದೆ.”

“ಅಲ್ಲಿವರ್ಗೂ ಹಸುಗಳಿಗೆ?”

“ಮೂರು ಕೊರಂಗಾಡಿಗೆ ಮೂರು ಹಸು.”

ಆ ಹಿರಿಯ ಹಸುವನ್ನು ಆಗಲೇ ಸಂತೆಯಲ್ಲಿ ಮಾರಿಯಾಗಿತ್ತು. ಹಟ್ಟಿಯಲ್ಲಿ ಅದರ ಗೂಟ ಕಿತ್ತು ಗುಂಡಿ ಮುಚ್ಚಿದ್ದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೇಳಿಬಿಡೋಣ ಎಂದು ಶುರುಮಾಡಿದೆ. ಆದರೆ ಬಾಯಿಂದ ಬಂದದ್ದು ಎರಡನೇ ನೆನಪು.

“ಅತ್ತೆ, ಹೋದ ವರ್ಷ ಆ ಹಸು ಕೊಂಬಿನಲ್ಲಿ ಸರಪಳಿ ಎತ್ತಿ ಒಳಗೆ ಹೋಗಿಬಿಡ್ತು. ನಾ ಹೇಳ್ಳಿಲ್ಲ.”

ಅತ್ತೆ ಹುಲ್ಲು ಹಾಕುತ್ತಿದ್ದವರು ತಿರುಗಲಿಲ್ಲ.

“ಬುದ್ಧಿ ಇರೋ ಹಸು,” ಎಂದರು. “ಮೇಯ್ದು ಆಚೆ ಬಂದ ಮೇಲೆ ಸರಪಳಿ ಎರಡು ಸುತ್ತು ಸುತ್ತಿ ಕೊಂಡಿ ಹಾಕಿಟ್ಟಿತ್ತು. ನಾ ಯಾವಾಗ್ಲೂ ಒಂದೇ ಸುತ್ತು ಹಾಕ್ತಿದ್ದೆ.”

ನಗು ಇತ್ತೇ ದನಿಯಲ್ಲಿ? ಇತ್ತೆಂದು ಹಲವು ವರ್ಷ ಅಂದುಕೊಂಡೆ. ನಾನೇ ತೆಗೆದೆ ಎಂದು ಅತ್ತೆಗೆ ಯಾವತ್ತೂ ಹೇಳಲಿಲ್ಲ.

ಮೂರನೇ ವರ್ಷಕ್ಕೆ ಹುಲ್ಲು ಒಂದಿಷ್ಟು ಹಿಡಿಯಿತು. ಪೂರ್ತಿ ಅಲ್ಲ. ಆ ಹೊತ್ತಿಗೆ ಅತ್ತೆಯ ಎಡಗಣ್ಣೂ ಮಂಜಾಗಿತ್ತು. ಅದನ್ನೂ ತೆಗೆಸಿಬಿಡೋಣ ಎಂದು ಹೇಳಲು ಅಪ್ಪ ನನ್ನನ್ನು ಜೊತೆಗೆ ಕರೆದುಕೊಂಡು ಹೋದರು. ಹುಲ್ಲು ಆಗಷ್ಟೇ ತೆನೆ ಕಟ್ಟುತ್ತಿತ್ತು.

“ಬ್ಯಾಡ,” ಎಂದರು ಅತ್ತೆ. “ಮೂರು ಹಸು ನೋಡೋಕೆ ಒಂದು ಕಣ್ಣು ಸಾಕು.”

“ಒಂದು ತಿಂಗಳ ಮಾತಕ್ಕ. ಇವನು ಬಂದು ಇರ್ತಾನೆ.”

ಅತ್ತೆ ನನ್ನ ಕಡೆ ನೋಡಿದರು. “ಅವನಿಗೆ ಬರಿಯೋ ವೇಲೆ ಇರ್ತದೆ,” ಎಂದರು.

ಆಗ ನನ್ನ ಪ್ರಬಂಧ ಮುಗಿದು ಪದವಿಯೂ ಬಂದಿತ್ತು. ಅದು ಅತ್ತೆಗೆ ಗೊತ್ತಿತ್ತು. ಊರಿಗೆಲ್ಲ ಕಲ್ಲುಸಕ್ಕರೆ ಹಂಚಿದ್ದವರು ಅವರೇ. ಸಾಕು ಎಂದು ಅರಿತವನ ಬಗ್ಗೆ ನನ್ನ ಪ್ರಬಂಧದಲ್ಲಿ ಒಂದಿಡೀ ಅಧ್ಯಾಯವಿದೆ. ಒಂದು ಕಣ್ಣು ಸಾಕು ಎಂಬ ಅತ್ತೆಯ ಮಾತನ್ನು ಅಲ್ಲಿ ಎಲ್ಲಿ ಸೇರಿಸಬೇಕೆಂದು ನನಗೆ ಚೆನ್ನಾಗಿ ಗೊತ್ತು, ಸೇರಿಸಿದರೆ ಎಷ್ಟು ಸುಳ್ಳಾಗಬಹುದು ಎಂಬುದೂ ಗೊತ್ತು. ನಾನು ಬಂದು ಇರುತ್ತೇನೆ, ಈ ಸಲ ತೆಗೆಯುವುದಿಲ್ಲ ಎಂದು ಆಗ ಹೇಳಬಹುದಿತ್ತು. ಹೇಳಿದರೆ ಹಿಂದಿನ ಸಲದ್ದನ್ನು ಒಪ್ಪಿಕೊಂಡಂತಾಗುತ್ತಿತ್ತು. ಅಪ್ಪ ಇನ್ನೂ ಎರಡು ಸಲ ಒತ್ತಾಯ ಮಾಡಿ ಬಿಟ್ಟರು. ಸಂಜೆಯ ಬಸ್ಸಿಗೆ ನಾವು ಹೊರಟೆವು.

ಎಡಗಣ್ಣಿಗೆ ಅತ್ತೆ ಕೊನೆಯವರೆಗೂ ಆಪರೇಶನ್ ಮಾಡಿಸಿಕೊಳ್ಳಲಿಲ್ಲ. ಆ ಕಡೆ ಏನಾದರೂ ಸದ್ದಾದರೆ ಇಡೀ ತಲೆ ತಿರುಗಿಸಿ ನೋಡುತ್ತಿದ್ದರು. ಹೋದಾಗಲೆಲ್ಲ ನಾನು ಅವರ ಬಲಗಡೆಗೇ ಕೂರುತ್ತಿದ್ದೆ.