ಅರ್ಜಿಯಲ್ಲಿ ಅಕ್ಕ ಹೊಡೆದು ಹಾಕಿದ ಪದ

ಹೋದ ವರ್ಷ ಶ್ರಾವಣದ ಒಂದು ಸೋಮವಾರ, ಹೊಸದುರ್ಗದ ನಮ್ಮನೆ ದೇವರ ಗೂಡಿನ ಮುಂದೆ ನಿಂತು ನಾನು ದೇವರಿಗೊಂದು ಅರ್ಜಿ ಓದಿ ಹೇಳಿದೆ.

ತಮಾಷೆಗಲ್ಲ... ಸರಿ, ಅರ್ಧ ತಮಾಷೆಗೆ.

ಹೆರಿಗೆ ಆದ ಮೇಲೆ ಅಕ್ಕನ ಹಾರ್ಟ್ ವೀಕ್ ಆಗಿತ್ತು. ಇನ್ನು ಮಾತ್ರೆಯಿಂದ ಆಗಲ್ಲ, ಬೇರೆ ಹಾರ್ಟೇ ಹಾಕಬೇಕು ಅಂತ ಬೆಂಗಳೂರಿನ ಡಾಕ್ಟರು ಅವಳ ಹೆಸರನ್ನು ಕಾಯೋರ ಲಿಸ್ಟಿಗೆ ಸೇರಿಸಿದ್ದರು. ಕಾಯೋರು ಬಹಳ, ಕೊಡೋರು ಕಮ್ಮಿ ಅಂದರು. ಯಾವಾಗ ಸಿಗುತ್ತೆ ಸಾರ್ ಅಂದರೆ ಮೇಲೆ ಕೈ ತೋರಿಸಿದರು.

ಅವ್ವನಿಗೆ ಹರಕೆ ಹೊರೋಕೆ ಮಾತೇ ಸಿಗುತ್ತಿರಲಿಲ್ಲ. "ಹೃದಯ ಕೊಡಪ್ಪ ಅಂದ್ರೆ ಇನ್ನೊಬ್ಬಳ ಮಗನ್ನ ತಗಳಪ್ಪ ಅಂದಂಗಾಗ್ತೈತೆ ಕಣೋ. ಹೆಂಗೆ ಕೇಳ್ಲಿ?"

ಕಾಲೇಜಲ್ಲಿ ಅರ್ಧ ಕ್ಲಾಸಿಗೆ ರಜಾ ಅರ್ಜಿ ಬರೆದು, ಅವರ ಅಪ್ಪಂದಿರ ಸಹಿಯನ್ನೂ ನಾನೇ ಹಾಕಿಕೊಟ್ಟವನು. ಈ ಘನಕಾರ್ಯ ಇನ್ಯಾರು ಮಾಡಬೇಕು?

ಗಂಟಲು ಸರಿ ಮಾಡಿಕೊಂಡು ಶುರು ಮಾಡಿದೆ.

"ಮಾನ್ಯರೇ, ವಿಷಯ: ಹೃದಯ ಒಂದನ್ನು ಮಂಜೂರು ಮಾಡುವ ಬಗ್ಗೆ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸುವುದೇನೆಂದರೆ, ತಾವು ಯಾರನ್ನೂ ಸಾಯಿಸದೆ, ಆಯಸ್ಸು ತಾನಾಗಿಯೇ ಮುಗಿದು ಹೊರಟವರ ಹೃದಯವೊಂದನ್ನು ನನ್ನ ಅಕ್ಕನಿಗೆ ತುರ್ತಾಗಿ ಒದಗಿಸಬೇಕು. ಲಗತ್ತು: ತೆಂಗಿನಕಾಯಿ ಎರಡು, ಕರ್ಪೂರ ಒಂದು ಪೊಟ್ಟಣ."

ದಿಂಬಿಗೆ ಒರಗಿದ್ದ ಅಕ್ಕ ನಕ್ಕಳು. ನಕ್ಕು ನಕ್ಕು ಏದುಸಿರು ಬಂತು. ನಾನು ಹೆದರಿ ನಿಲ್ಲಿಸಿಬಿಟ್ಟೆ.

ಉಸಿರು ಹದಕ್ಕೆ ಬಂದ ಮೇಲೆ "ತಾರೋ ಇಲ್ಲಿ" ಅಂತ ಪೆನ್ನು ಇಸ್ಕೊಂಡು ಒಂದು ಪದ ಹೊಡೆದು ಹಾಕಿದಳು.

ತುರ್ತಾಗಿ.

"ಯಾರಿಗೂ ಅರ್ಜೆಂಟ್ ಮಾಡಬ್ಯಾಡ ಕಣೋ. ಅವ್ರ ಮನೇಲೂ ಒಬ್ಳು ಅಕ್ಕ ಇರ್ತಾಳೆ."

ಹೋದ ತಿಂಗಳು ಚೆಕಪ್‌ಗೆ ಹೋದಾಗ ಒಬ್ಬ ಮೇಷ್ಟ್ರು ಸಿಕ್ಕರು. ಬೇರೆ ಹಾರ್ಟ್ ಹಾಕಿಸಿಕೊಂಡು ಎರಡು ವರ್ಷ ಆಗಿದೆಯಂತೆ. ಒಂದು ದಿನವೂ ಮಾತ್ರೆ ತಪ್ಪಿಸಂಗಿಲ್ಲ, ಚೂರು ಜ್ವರ ಬಂದರೂ ಓಡಿ ಬರಬೇಕಂತೆ. ಆದರೂ ಮೂರನೇ ಮಹಡಿಗೆ ಮೆಟ್ಟಿಲು ಹತ್ತಿಕೊಂಡೇ ಬಂದಿದ್ದರು!

ಅಕ್ಕ ಅವರ ಮುಖ ನೋಡಲೇ ಇಲ್ಲ... ಅವರ ಶರ್ಟಿನ ಜೇಬನ್ನೇ ನೋಡುತ್ತಾ ಕೂತಿದ್ದಳು.

ವಾಪಸ್ ಬರುವಾಗ ಬಸ್ ಬದಲಾಯಿಸೋಕೆ ಹಿರಿಯೂರಲ್ಲಿ ಇಳಿದೆವು. ಹೈವೇ ಕಡೆಯಿಂದ ಆಂಬುಲೆನ್ಸ್ ಸೈರನ್ ಕೇಳಿಸಿತು.

ನನ್ನ ಕೈ ತಾನಾಗೇ ಮೊಬೈಲಿಗೆ ಹೋಯಿತು. ಆಸ್ಪತ್ರೆಯಿಂದ ಫೋನ್ ಬರುತ್ತೇನೋ ಅಂತ ಒಂದೇ ಒಂದು ಕ್ಷಣ ಆಸೆ ಆಯಿತು. ಸುಳ್ಳು ಯಾಕೆ ಹೇಳಲಿ.

ತಿರುಗಿ ನೋಡಿದರೆ ಅಕ್ಕನ ತುಟಿ ಅಲ್ಲಾಡುತ್ತಿದೆ.

"ಏನೇ ಕೇಳ್ಕಂಡೆ?"

"ಒಳಗಿರೋರು ಉಳೀಲಿ ಅಂತ."

"ಮತ್ತೆ ನೀನು?"

"ನಂದು ಲಿಸ್ಟಲ್ಲಿ ಐತಲ್ಲ, ಸುಮ್ಕಿರು."

ಇವತ್ತಿನವರೆಗೂ ಆಸ್ಪತ್ರೆಯಿಂದ ಫೋನ್ ಬಂದಿಲ್ಲ. ಅಕ್ಕನ ಮಗಳು ಈಗ ಗೋಡೆ ಹಿಡಿದು ನಡೆಯುತ್ತಾಳೆ. ಎತ್ಕೋ ಅಂತ ಎರಡೂ ಕೈ ಮೇಲೆ ಮಾಡುತ್ತಾಳೆ. ಅಕ್ಕ ಎತ್ತಿಕೊಳ್ಳೋ ಹಂಗಿಲ್ಲ, ಕೂತಲ್ಲೇ ಮಡಿಲು ತೋರಿಸಿ ಕರೆಯುತ್ತಾಳೆ.

ನನಗೆ ಅಕ್ಕ ಬೇಕು. ಇನ್ನೊಂದು ಮನೆಯಲ್ಲಿ ಯಾರೂ ಕಮ್ಮಿ ಆಗಬಾರದು. ಈ ಎರಡನ್ನೂ ಒಂದೇ ಉಸಿರಲ್ಲಿ ಕೇಳೋದು ಹೆಂಗೆ ಅಂತ ನಿಮ್ಮಲ್ಲಿ ಯಾರಿಗಾದ್ರೂ ಗೊತ್ತೇನ್ರಿ?