ಹುಳದ ಮನೆಯ ಬಾಗಿಲಲ್ಲಿ ಮಲ್ಲಿಗೆ

ನಮ್ಮ ಅರ್ಥಶಾಸ್ತ್ರದ ಮೇಡಂ ಬೋರ್ಡಿನ ಮೇಲೆ ಪೂರೈಕೆಯ ರೇಖೆಯನ್ನು ಮೇಲಕ್ಕೆ ಎಳೆದರೆ ಗಾಜಿನ ಬಳೆಗಳೆಲ್ಲ ಮೊಣಕೈಗೆ ಜಾರುತ್ತಿದ್ದವು; ಬೇಡಿಕೆಯ ರೇಖೆಯನ್ನು ಕೆಳಕ್ಕೆ ಎಳೆದರೆ ಝಲ್ಲೆಂದು ಮಣಿಕಟ್ಟಿಗೆ ಇಳಿಯುತ್ತಿದ್ದವು. ಹಿಂದಿನ ಬೆಂಚಿನಲ್ಲಿ ತೂಕಡಿಸುವವರಿಗೂ ಯಾವ ರೇಖೆ ಎಂದು ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಮುಡಿಯಲ್ಲಿ ಸದಾ ಮಲ್ಲಿಗೆ. ಅದನ್ನು ರಾಮನಗರದ ಬಸ್ ಸ್ಟ್ಯಾಂಡಿನಲ್ಲಿ ಹೂವಿನವಳು ಹೇಳಿದ ರೇಟಿಗೇ ಕೊಳ್ಳುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು.

"ಏನ್ ಮೇಡಂ, ಬೆಲೆ ಪಾಠ ಮಾಡೋರು ನೀವೇ ಚೌಕಾಸಿ ಮಾಡಲ್ವಲ್ಲ?" ಎಂದು ಒಮ್ಮೆ ಕೇಳಿಯೇಬಿಟ್ಟೆ.

"ಅವಳ ಹತ್ರ ಎಳೆದಾಡ್ತಾ ನಿಂತ್ರೆ ನನ್ನ ಬಸ್ ಹೋಗುತ್ತೆ ಕಣೇ. ಏನು ತಗೊಂಡ್ರೂ, ಅದಕ್ಕೋಸ್ಕರ ಬಿಟ್ಟಿದ್ದೇನು ಅಂತ ನೋಡು. ಅದೇ ನಿಜವಾದ ಬೆಲೆ."

ಪುಸ್ತಕದಲ್ಲಿ 'ಅವಕಾಶ ವೆಚ್ಚ' ಎಂದು ಅರ್ಧ ಪುಟ ಇದ್ದದ್ದು ನನಗೆ ಅರ್ಥವಾದದ್ದು ಆ ಬಸ್ ಸ್ಟ್ಯಾಂಡಿನಲ್ಲಿ.

ನಮ್ಮದು ಕೈಲಾಂಚದ ಕಡೆ ರೇಷ್ಮೆ ಬೆಳೆಯುವ ಮನೆ. ಹುಳ ಬಲಿತು ಹಣ್ಣಾದರೆ, ಗೂಡು ಕಟ್ಟಲು ಒಂದೊಂದನ್ನೇ ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು. ತಡವಾದರೆ ಬೆಳೆ ಹೋಯಿತು. ಮೊದಲ ಪಿಯುಸಿಯಲ್ಲಿ ಅಂಥ ದಿನಗಳಲ್ಲೆಲ್ಲ ನಾನು ಗೈರು. ಕೊನೆಗೆ ಅಪ್ಪ ಕಾಲೇಜನ್ನೇ ಬಿಡಿಸಿದ. ಮೇಡಂ ಹುಡುಕಿಕೊಂಡು ಬಂದರು. ಹೆಣ್ಣುಮಕ್ಕಳ ವಿದ್ಯೆ, ಭವಿಷ್ಯ ಎಂದು ಭಾಷಣ ಬಿಗಿಯುತ್ತಾರೆ ಎಂದುಕೊಂಡೆ. ಅವರು ಕೇಳಿದ್ದೇ ಬೇರೆ.

"ನಿಮಗೇನು ಬೇಕು ಹೇಳಿ, ಗೌಡ್ರೆ?"

"ಹುಳ ಹಣ್ಣಾದಾಗ ಕೈ ಬೇಕು ಮೇಡಮ್ಮೋರೆ. ಇನ್ನೇನ್ ಬೇಕು?"

"ಕೈ ನಾನು ತರ್ತೀನಿ. ಇವಳನ್ನ ಕಳಿಸಿ."

ಅಪ್ಪ ನಕ್ಕುಬಿಟ್ಟ. "ನೀವು ಹುಳ ಮುಟ್ಟೀರಾ?"

"ಮುಟ್ಟಿದ್ರೆ ಕಳಿಸ್ತೀರಾ?"

ವ್ಯಾಪಾರಕ್ಕೆ ಇಳಿಯುವವರಿಗೆ ನಾನು ಇವತ್ತಿಗೂ ಹೇಳುವುದು ಇಷ್ಟೇ: ನಿಮ್ಮ ರೇಟು ಬಾಯಿಬಿಡುವ ಮೊದಲು ಎದುರಿನವರ ಅಡಚಣೆ ಏನೆಂದು ಕೇಳಿ.

ಮುಂದಿನ ಬೆಳೆ ಹಣ್ಣಾದ ದಿನ, ಕ್ಲಾಸು ಮುಗಿಸಿ, ನನ್ನ ಗೆಳತಿಯರನ್ನೆಲ್ಲ ಬಸ್ಸಿಗೆ ಹತ್ತಿಸಿಕೊಂಡು ಬಂದೇಬಿಟ್ಟರು. ಅವ್ವ ಹುಳದ ಮನೆಯ ಬಾಗಿಲಿಗೆ ಅಡ್ಡ ನಿಂತಳು.

"ಅಯ್ಯೋ ಮೇಡಮ್ಮ, ಹೂವ ಮುಡ್ಕಂಡು ಬಂದ್ಬುಟ್ರಲ್ಲ! ಪೌಡ್ರು ಬೇರೆ! ವಾಸ್ನೆ ಹುಳಕ್ಕೆ ಆಗಾಕಿಲ್ಲ ಕಣವ್ವ. ಒಸಿ ಮೊಖ ತೊಳ್ಕಳಿ."

ಮೇಡಂ ಹೂವು ತೆಗೆದು ಜಗಲಿಯ ಮೇಲಿಟ್ಟರು. ಮುಖ ತೊಳೆದರು. ಹುಳಕ್ಕೆ ತಾಗೀತೆಂದು ಬಳೆಗಳನ್ನೂ ಕಳಚಿದರು. ಮೊದಲ ಹುಳವನ್ನು ಎತ್ತಿದ್ದು ಮಾತ್ರ ಕಣ್ಣು ಮುಚ್ಚಿಕೊಂಡು.

"ಕಣ್ ಬುಡಿ ಮೇಡಮ್ಮ, ಅದೇನ್ ಕಚ್ಚಾಕಿಲ್ಲ," ಎಂದ ಅಪ್ಪ. ಎಲ್ಲರಿಗಿಂತ ಜೋರಾಗಿ ನಕ್ಕವರು ಮೇಡಂ.

ಅಲ್ಲಿಂದಾಚೆಗೆ ನಾನು ಕಾಲೇಜಿಗೆ ಮರಳಿದೆ; ಬೆಳೆ ಹಣ್ಣಾದಾಗೆಲ್ಲ ಮೇಡಂ ಬಂದರು. ಕ್ಲಾಸಿನಲ್ಲಿ ಅವರ ಮುಡಿಯಲ್ಲಿ ಹೂವಿಲ್ಲ ಎಂದರೆ ಅವತ್ತು ನಮ್ಮ ಮನೆಗೆ ಬರುತ್ತಾರೆ ಎಂದೇ ಲೆಕ್ಕ. ಎರಡನೇ ಪಿಯುಸಿಯ ಪರೀಕ್ಷೆ ಹತ್ತಿರವಾದಾಗ ಅಪ್ಪನೇ ಹೇಳಿದ: "ಈ ಕಿತ ನೀವು ಬರಬ್ಯಾಡಿ ಮೇಡಮ್ಮ. ಕೂಲಿಯೋರ್ಗೆ ಹೇಳಿವ್ನಿ. ಮಗಳು ನೆಮ್ಮದಿಯಾಗಿ ಪರೀಕ್ಷೆ ಬರೀಲಿ."

ಈಗ ನನ್ನದೇ ಚಾಕಿ ಕೇಂದ್ರ ಇದೆ. ಮರಿಹುಳ ಸಾಕಿ ರೈತರಿಗೆ ಮಾರುತ್ತೇನೆ. ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದವರು ಕಡಿಮೆ. ಮೇಡಂ ತೀರಿಕೊಂಡ ದಿನ ಅದೇ ಬಸ್ ಸ್ಟ್ಯಾಂಡಿನಲ್ಲಿ, ಹೇಳಿದ ರೇಟಿಗೇ ಮಲ್ಲಿಗೆ ಕೊಂಡು, ಅವರ ಪಾದದ ಬಳಿ ಇಟ್ಟು ಬಂದೆ.

ಕೇಂದ್ರಕ್ಕೆ ಮರಳಿ, ಹುಣಸೆಹಣ್ಣು ಹಾಕಿ ಉಜ್ಜಿದರೂ ಕೈಯಿಂದ ಮಲ್ಲಿಗೆಯ ವಾಸನೆ ಹೋಗಲಿಲ್ಲ. ಹುಳಕ್ಕೆ ಸೊಪ್ಪು ಹಾಕುವ ಹೊತ್ತಾಗಿತ್ತು. ಕೆಲಸದವರನ್ನು ಒಳಗೆ ಕಳಿಸಿ, ನಾನು ಹೊರಗೆ ಜಗಲಿಯ ಮೇಲೆ ಕೂತೆ.